ಗ್ರೀಕ್ ರುದ್ರನಾಟಕ ಬಿಳಿಯರ ಸ್ವತ್ತಲ್ಲ

ವಾಷಿಂಗ್ಟನ್ನಿನ ಹೊವಾರ್ಡ್ ವಿಶ್ವವಿದ್ಯಾಲಯ 2021ರಲ್ಲಿ ತನ್ನ ಕ್ಲಾಸಿಕ್ಸ್ ವಿಭಾಗವನ್ನು ಮುಚ್ಚಿತು. ಪ್ರಾಚೀನ ಗ್ರೀಕ್, ಲ್ಯಾಟಿನ್ ಭಾಷೆಗಳನ್ನೂ ಅವುಗಳ ಪುರಾಣ, ನಾಟಕಗಳನ್ನೂ ಕಲಿಸುತ್ತಿದ್ದ ವಿಭಾಗ ಅದು. ಆಫ್ರಿಕನ್ ಅಮೆರಿಕನ್ನರ ಶಿಕ್ಷಣಕ್ಕೆಂದೇ ಹುಟ್ಟಿದ ವಿದ್ಯಾಸಂಸ್ಥೆಗಳಲ್ಲಿ ಇಂಥ ವಿಭಾಗ ಉಳಿದಿದ್ದುದು ಹೊವಾರ್ಡಿನಲ್ಲಿ ಮಾತ್ರ. ಆಡಳಿತ ಕೊಟ್ಟ ಕಾರಣ ಎಲ್ಲ ಆಡಳಿತಗಳೂ ಕೊಡುವಂಥದ್ದೇ: ಆದ್ಯತೆಗಳ ಮರುಪರಿಶೀಲನೆ. ಕಾಯಂ ಅಧ್ಯಾಪಕರನ್ನು ಬೇರೆ ವಿಭಾಗಗಳಿಗೆ ಹಂಚುತ್ತೇವೆ, ಪಾಠಗಳು ನಿಲ್ಲುವುದಿಲ್ಲ ಎಂಬ ಸಮಾಧಾನವೂ ಜೊತೆಗಿತ್ತು. ಈ ತೀರ್ಮಾನ ತಪ್ಪು. ಗುಲಾಮಗಿರಿ ಕೊನೆಗೊಂಡ ಎರಡೇ ವರ್ಷಕ್ಕೆ, 1867ರಲ್ಲಿ, ಹುಟ್ಟಿದ ವಿಶ್ವವಿದ್ಯಾಲಯವೇ ಇದನ್ನು ಮಾಡಿತು ಎನ್ನುವುದು ಇನ್ನೂ ನೋವಿನ ಸಂಗತಿ.

ವಿಭಾಗ ಹೋದರೆ ಹೋಗಲಿ ಎನ್ನುವವರ ವಾದ ನನಗೆ ಗೊತ್ತು. ಗುಲಾಮರನ್ನಿಟ್ಟುಕೊಂಡ ತೋಟದ ಧಣಿಗಳು ತಮ್ಮ ಸಮರ್ಥನೆಗೆ ಅರಿಸ್ಟಾಟಲನನ್ನು ಎಳೆದು ತರುತ್ತಿದ್ದರು. ಅಂಥವರು ಮೆರೆಸಿದ ವಿದ್ಯೆಯನ್ನು ಕಪ್ಪು ಜನರ ಮಕ್ಕಳು ಏಕೆ ಓದಬೇಕು? ಆರೋಪದಲ್ಲಿ ಸುಳ್ಳಿಲ್ಲ. ಗ್ರೀಕ್ ವ್ಯಾಕರಣ ಬಲ್ಲ ಒಬ್ಬ ನೀಗ್ರೋನನ್ನು ತೋರಿಸಿದರೆ ಆ ಜನಾಂಗವನ್ನು ಮನುಷ್ಯರೆಂದು ಒಪ್ಪುತ್ತೇನೆ ಎಂಬರ್ಥದ ಮಾತನ್ನು ದಕ್ಷಿಣ ಕೆರೊಲಿನಾದ ರಾಜಕಾರಣಿ ಜಾನ್ ಕ್ಯಾಲ್ಹೂನ್ ಆಡಿದ್ದನೆಂದು ಕಪ್ಪು ಪಾದ್ರಿ ಅಲೆಕ್ಸಾಂಡರ್ ಕ್ರಮ್ಮೆಲ್ ಬರೆದಿಟ್ಟಿದ್ದಾರೆ. ಆ ಮಾತಿಗೆ ಕ್ರಮ್ಮೆಲ್ ಕೊಟ್ಟ ಉತ್ತರವೆಂದರೆ ಕೇಂಬ್ರಿಜ್‌ಗೆ ಹೋಗಿ ಗ್ರೀಕ್ ಓದಿದ್ದು. ವಿಲಿಯಂ ಸ್ಯಾಂಡರ್ಸ್ ಸ್ಕಾರ್ಬರೊ 1852ರಲ್ಲಿ ಜಾರ್ಜಿಯಾದಲ್ಲಿ ಗುಲಾಮಳಾಗಿದ್ದ ತಾಯಿಗೆ ಹುಟ್ಟಿದವರು. ಗುಲಾಮರಿಗೆ ಅಕ್ಷರ ಕಲಿಸುವುದು ಅಲ್ಲಿ ಅಪರಾಧವಾಗಿದ್ದಾಗ ಕದ್ದು ಓದು ಕಲಿತರು. 1881ರಲ್ಲಿ ಗ್ರೀಕ್ ಕಲಿಯುವವರಿಗೆ ಪಠ್ಯಪುಸ್ತಕವನ್ನೇ ಪ್ರಕಟಿಸಿದರು. ಇಷ್ಟು ಕಷ್ಟಪಟ್ಟು ಗಳಿಸಿದ್ದನ್ನು 'ನಮ್ಮದಲ್ಲ' ಎಂದು ಬಿಟ್ಟುಕೊಟ್ಟರೆ ಕ್ಯಾಲ್ಹೂನನ ಮಾತೇ ಗೆದ್ದ ಹಾಗೆ.

ಅಷ್ಟಕ್ಕೂ ಆ ನಾಟಕಗಳಲ್ಲಿ ಏನಿದೆ ಎಂದು ನೋಡೋಣ. ಕ್ರಿಸ್ತಪೂರ್ವ 415ರಲ್ಲಿ ಯೂರಿಪಿಡಿಸ್ ಟ್ರಾಯ್ ನಗರದ ಹೆಂಗಸರ ಕುರಿತು ಒಂದು ನಾಟಕ ಆಡಿಸಿದ. ಅದಕ್ಕೆ ಸ್ವಲ್ಪವೇ ಮೊದಲು ಅಥೆನ್ಸಿನ ಸೇನೆ ಮೆಲೋಸ್ ದ್ವೀಪವನ್ನು ಗೆದ್ದು, ಗಂಡಸರನ್ನು ಕೊಂದು, ಹೆಂಗಸರು ಮಕ್ಕಳನ್ನು ಗುಲಾಮರನ್ನಾಗಿ ಮಾರಿತ್ತು. ನಾಟಕದಲ್ಲಿ ನಗರ ಉರಿದುಹೋಗಿದೆ, ಗಂಡಸರು ಸತ್ತಿದ್ದಾರೆ. ಉಳಿದ ಹೆಂಗಸರಲ್ಲಿ ಯಾರು ಯಾವ ಒಡೆಯನ ಪಾಲಾದರು ಎಂದು ಗ್ರೀಕರ ದೂತನೊಬ್ಬ ಬಂದು ಹೇಳುತ್ತಾನೆ. ಮುದುಕಿ ರಾಣಿ ಹೆಕುಬ ಒಡಿಸ್ಯೂಸನ ಪಾಲು. ಅವಳ ಮೊಮ್ಮಗನನ್ನು ಕೋಟೆಯಿಂದ ಕೆಳಗೆಸೆದು ಕೊಲ್ಲುತ್ತಾರೆ. ಅವನಪ್ಪ ಹೆಕ್ಟರನ ಗುರಾಣಿಯ ಮೇಲೆ ಹೆಣ ಬರುತ್ತದೆ, ಅದಕ್ಕೆ ಅಜ್ಜಿಯೇ ಸಿಂಗಾರ ಮಾಡಬೇಕು. ಮೆಲೋಸನ್ನು ನಾಶ ಮಾಡಿದ ಊರಿನವರೇ ಕೂತು ಇದನ್ನು ನೋಡಿದರು. ತಾಯಿ ಒಬ್ಬನಿಗೆ, ಮಗು ಇನ್ನೊಬ್ಬನಿಗೆ ಎಂದು ಹರಾಜು ಹಾಕಿಸಿಕೊಂಡವರ ಮೊಮ್ಮಕ್ಕಳು, ಮರಿಮಕ್ಕಳು ಓದಲೆಂದು ಕಟ್ಟಿದ ತರಗತಿಗೆ ಇದಕ್ಕಿಂತ ಹತ್ತಿರದ ನಾಟಕ ಯಾವುದಿದೆ? ಇದನ್ನು ಬಿಳಿಯರ ಸಾಹಿತ್ಯ ಎನ್ನುವವರು ಒಮ್ಮೆ ಕೂತು ಓದಬೇಕು.

ಟೋನಿ ಮಾರಿಸನ್ 1953ರಲ್ಲಿ ಹೊವಾರ್ಡಿನಿಂದ ಪದವಿ ಪಡೆದರು. ಇಂಗ್ಲಿಷ್ ಮುಖ್ಯ ವಿಷಯ, ಕ್ಲಾಸಿಕ್ಸ್ ಉಪವಿಷಯ. 1987ರ ಅವರ 'ಬಿಲವೆಡ್' ಕಾದಂಬರಿಯ ಹಿಂದಿರುವುದು ಮಾರ್ಗರೆಟ್ ಗಾರ್ನರ್ ಎಂಬಾಕೆಯ ಕಥೆ. 1856ರಲ್ಲಿ ಒಡೆಯನಿಂದ ತಪ್ಪಿಸಿಕೊಂಡು ಓಡಿದ್ದ ಆಕೆ, ಹಿಡಿಯಲು ಬಂದವರ ಕೈಗೆ ಕೊಡಲಾರದೆ ಎಳೆಯ ಮಗಳನ್ನು ತಾನೇ ಕೊಂದಳು. ಬಿಳಿಯ ಚಿತ್ರಕಾರನೊಬ್ಬ ಆಕೆಯ ಚಿತ್ರ ಬರೆದ; ಅದು 'ಆಧುನಿಕ ಮೀಡಿಯಾ' ಎಂಬ ಹೆಸರಿನಿಂದ ಪ್ರಸಿದ್ಧವಾಯಿತು. ಯೂರಿಪಿಡಿಸ್‌ನ ಮೀಡಿಯಾ, ತನ್ನನ್ನು ಬಿಟ್ಟ ಗಂಡನ ಮೇಲಿನ ಸೇಡಿಗೆ ಮಕ್ಕಳನ್ನು ಕೊಂದವಳು. ಮಾರಿಸನ್ ಈ ಹೋಲಿಕೆಯನ್ನು ಒಪ್ಪಲಿಲ್ಲ. ಯಾವನೋ ಗಂಡಸಿಗಾಗಿ ಗಾರ್ನರ್ ಹಾಗೆ ಮಾಡಲಿಲ್ಲ ಎಂದರು. ಮೀಡಿಯಾಳನ್ನು ಬಲ್ಲ ಓದುಗರಾಗಿದ್ದರಿಂದಲೇ ಅವರ ನಿರಾಕರಣೆಗೆ ಆ ಬಲವಿತ್ತು. ವಿಶ್ವವಿದ್ಯಾಲಯದಲ್ಲಿ ಪುರಾಣ ಕಲಿಯುವುದರ ಅರ್ಥ ಅದಕ್ಕೆ ಕೈಮುಗಿಯುವುದು ಎಂದು ತಿಳಿದವರು ಈ ಒಂದು ಸಂಗತಿಯನ್ನು ನೆನಪಿಡಬೇಕು.

ಪಾಠಗಳು ಉಳಿದಿವೆಯಲ್ಲ, ಅನುವಾದದಲ್ಲಿ ಓದಿದರೆ ಸಾಲದೇ ಎನ್ನುತ್ತಾರೆ. ಅನುವಾದದಲ್ಲಿ ಓದುವುದು ಕಡಿಮೆಯದೇನಲ್ಲ, ನಾವೆಲ್ಲ ಹಾಗೇ ಓದಿದವರು. ಆದರೆ ಪಂಡಿತರು ಕಟ್ಟಿದ ಕಥೆಯನ್ನು ಮುರಿಯಬೇಕಾದರೆ ಮೂಲ ಬೇಕು. ಹೊವಾರ್ಡಿನಲ್ಲಿ ದಶಕಗಳ ಕಾಲ ಪಾಠ ಹೇಳಿದ ಫ್ರಾಂಕ್ ಸ್ನೋಡನ್, ಗ್ರೀಕ್, ಲ್ಯಾಟಿನ್ ಗ್ರಂಥಗಳನ್ನೂ ಹಳೆಯ ಚಿತ್ರ, ಶಿಲ್ಪಗಳನ್ನೂ ಸೋಸಿ, ಇಂದಿನ ಬಗೆಯ ಚರ್ಮದ ಬಣ್ಣದ ದ್ವೇಷ ಆ ಪ್ರಾಚೀನರಲ್ಲಿ ಇರಲಿಲ್ಲ ಎಂದು 1970ರ ತಮ್ಮ ಪುಸ್ತಕದಲ್ಲಿ ವಾದಿಸಿದರು. ಆ ಕೆಲಸ ಅನುವಾದ ನೆಚ್ಚಿ ಆಗುವಂಥದ್ದಲ್ಲ. ಅದಕ್ಕೆ ವರ್ಷಗಟ್ಟಲೆ ಭಾಷೆ ಕಲಿಸುವ ಮೇಷ್ಟ್ರು ಬೇಕು; ಮೇಷ್ಟ್ರು ನಿವೃತ್ತರಾದಾಗ ಆ ಹುದ್ದೆಯನ್ನೇ ತುಂಬಿ ಎಂದು ಹಟ ಹಿಡಿಯಲು ವಿಭಾಗ ಬೇಕು. ಇಂಗ್ಲಿಷ್ ವಿಭಾಗದ ಮೂಲೆಯಲ್ಲಿ ಕೂತ ಒಬ್ಬ ಗ್ರೀಕ್ ಅಧ್ಯಾಪಕರ ಜಾಗಕ್ಕೆ ನಾಳೆ ಇಂಗ್ಲಿಷಿನವರೇ ಬರುತ್ತಾರೆ. ಅದೇ 2021ರಲ್ಲಿ ಸಿರಿವಂತ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕ್ಲಾಸಿಕ್ಸ್ ವಿಭಾಗ ತನ್ನ ವಿದ್ಯಾರ್ಥಿಗಳಿಗೆ ಗ್ರೀಕ್ ಅಥವಾ ಲ್ಯಾಟಿನ್ ಕಡ್ಡಾಯ ಎಂಬ ನಿಯಮ ಕೈಬಿಟ್ಟಿತು. ಅಲ್ಲಿ ಕಲಿಯುವ ಆಸೆಯಿದ್ದವರಿಗೆ ಕಲಿಸುವವರು ಇದ್ದೇ ಇದ್ದಾರೆ. ಸಿರಿವಂತರಿಗೆ ಗ್ರೀಕ್ ಐಚ್ಛಿಕ, ಉಳಿದವರಿಗೆ ಅಲಭ್ಯ. ಇದನ್ನು ಸುಧಾರಣೆ ಎನ್ನಲಾಗದು.

ವಿಭಾಗದ ಪರವಾಗಿ ಎದ್ದ ದನಿಗಳ ಬಗ್ಗೆಯೂ ನನಗೆ ತಕರಾರಿದೆ. ತತ್ವಜ್ಞಾನಿ ಕಾರ್ನೆಲ್ ವೆಸ್ಟ್ ಮತ್ತು ಜೆರೆಮಿ ಟೇಟ್ ವಾಷಿಂಗ್ಟನ್ ಪೋಸ್ಟ್‌ನಲ್ಲಿ ಬರೆದ ಲೇಖನದ ಕಳಕಳಿ ನಿಜವಾದದ್ದೇ. ಆದರೂ ಅದು ಪಾಶ್ಚಾತ್ಯ ಪರಂಪರೆಯ ಹೆಸರಿನಲ್ಲೇ ವಾದ ಹೂಡಿತು. ಆ ಹಣೆಪಟ್ಟಿಯೇ ಜಗಳದ ಮೂಲ. ಮೈಸೂರಿನ ಬಿ.ಎಂ. ಶ್ರೀಕಂಠಯ್ಯನವರು ಸೊಫೊಕ್ಲಿಸ್‌ನ ಅಯಾಸನನ್ನು ಮಹಾಭಾರತಕ್ಕೆ ಕರೆತಂದು 'ಅಶ್ವತ್ಥಾಮನ್' ಬರೆದಾಗ, ಸೋತ ಶತ್ರುವಿನ ಮನೆಯ ಗೋಳನ್ನು ಗ್ರೀಕರಿಗೇ ಕೇಳಿಸಿದ ಈಸ್ಕಿಲಸ್‌ನ ನಾಟಕವನ್ನು 'ಪಾರಸಿಕರು' ಎಂದು ಕನ್ನಡಕ್ಕೆ ತಂದಾಗ, ಯಾವ ಪಶ್ಚಿಮದ ಅಪ್ಪಣೆಯನ್ನೂ ಕೇಳಲಿಲ್ಲ. ಪಿ. ಲಂಕೇಶರು ಈಡಿಪಸ್, ಅಂತಿಗೊನೆಯರನ್ನು ಅನುವಾದಿಸಿದಾಗಲೂ ಅಷ್ಟೇ.

ಹೊವಾರ್ಡ್ ತನ್ನ ತೀರ್ಮಾನವನ್ನು ಹಿಂದಕ್ಕೆ ಪಡೆಯಬೇಕು. ಕ್ಲಾಸಿಕ್ಸ್ ವಿಭಾಗವನ್ನು ಪ್ರತ್ಯೇಕ ವಿಭಾಗವಾಗಿ ಮತ್ತೆ ಸ್ಥಾಪಿಸಿ, ಗ್ರೀಕ್ ಮತ್ತು ಲ್ಯಾಟಿನ್ ಕಲಿಸುವ ಕಾಯಂ ಹುದ್ದೆಗಳನ್ನು ತುಂಬಬೇಕು. ಸ್ನೋಡನ್ ಕಲಿಸಿದ, ಮಾರಿಸನ್ ಓದಿದ ವಿಶ್ವವಿದ್ಯಾಲಯದಿಂದ ಅದಕ್ಕಿಂತ ಕಡಿಮೆಯದನ್ನು ಒಪ್ಪಬಾರದು.