ಚಾಪೆ ಕೇಳಿದವನಿಗೆ ಕುಲದ ಪ್ರಶ್ನೆ

ಕಳೆದ ತಿಂಗಳು ನಾವು ಬೆಂಗಳೂರಿಗೆ ಹೋಗಿದ್ದೆವು. ಮೋಜಿಗಲ್ಲ. ನಮ್ಮ ದಾವಣಗೆರೆಯ ಗಿರಣಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ನೂಲಿನ ಧೂಳು ಕುಡಿದ ಹಿರಿಯರೊಬ್ಬರ ಪಿಂಚಣಿ ಕಾಗದದಲ್ಲಿ ತಂದೆಯ ಹೆಸರಿನ ಒಂದಕ್ಷರ ತಪ್ಪಾಗಿದೆ. ಆ ಒಂದಕ್ಷರವನ್ನು ಸರಿಪಡಿಸಲು ಇನ್ನೂರ ಅರವತ್ತು ಕಿಲೋಮೀಟರು ಪಯಣ. ಕಚೇರಿಯಲ್ಲಿ ಬೆಳಿಗ್ಗೆಯಿಂದ ಕೂರಿಸಿ, ಸಂಜೆ ನಾಲ್ಕೂವರೆಗೆ ಎರಡು ಮಾತು ಹೇಳಿದರು: "ನಾಳೆ ಬನ್ನಿ."

ಈ ಎರಡು ಮಾತಿನ ಬೆಲೆ ಎಷ್ಟೆಂದು ಮೇಜಿನ ಆಚೆ ಕುಳಿತವರಿಗೆ ತಿಳಿಯದು. ಈಚೆ ನಿಂತವರಿಗೆ ಚೆನ್ನಾಗಿ ತಿಳಿದಿದೆ. ನಮ್ಮ ಓದುಗರಲ್ಲಿ ಚಿಕ್ಕಪೇಟೆಗೆ ಸೀರೆ ತರಲು ಹೋಗುವ ಜವಳಿ ವ್ಯಾಪಾರಿ ಇದ್ದಾರೆ. ಮಗಳ ಗಡ್ಡೆ ತೋರಿಸಲು ಕಿದ್ವಾಯಿಗೆ ಹೋಗುವ ಹಮಾಲರಿದ್ದಾರೆ. ಕೋರ್ಟಿನ ವಾಯಿದೆಗೆ ಹೋಗುವ ಕೆಲಸ ಕಳೆದುಕೊಂಡವರಿದ್ದಾರೆ. ಅವರೆಲ್ಲರಿಗೂ "ನಾಳೆ ಬನ್ನಿ" ಎಂದರೆ ಬೆಂಗಳೂರಿನಲ್ಲಿ ಒಂದು ರಾತ್ರಿ ಎಂದರ್ಥ. ಆ ರಾತ್ರಿಯನ್ನು ಎಲ್ಲಿ ಕಳೆಯಬೇಕು?

ನಗರದ ನಡುವಿನ ಲಾಡ್ಜುಗಳ ಬಾಡಿಗೆ ಕೇಳಿ ಹಿರಿಯರು ಮೆಟ್ಟಿಲಿನಿಂದಲೇ ಇಳಿದರು. ಯಾರೋ ಹೇಳಿದರು, ತುಮಕೂರು ರಸ್ತೆಯ ಆಚೆ ಊರ ಹೊರಗೆ ಒಂದು ಸಮುದಾಯದವರ ವಸತಿಗೃಹವಿದೆ, ಚಾಪೆ ದಿಂಬು ಕೊಡುತ್ತಾರೆ, ಬಾಡಿಗೆ ಅತಿ ಕಡಿಮೆ ಎಂದು. ಎರಡು ಬಸ್ಸು ಬದಲಾಯಿಸಿ ಹೋದೆವು. ಕಟ್ಟಡ ಭವ್ಯವಾಗಿತ್ತು. ದಾನಿಗಳ ಹೆಸರಿನ ಕಲ್ಲು ಬಾಗಿಲಿಗಿಂತ ದೊಡ್ಡದು. ಒಳಗೆ ಗುಮಾಸ್ತ ದೊಡ್ಡ ಪುಸ್ತಕ ತೆರೆದು, ಪೆನ್ನು ಹಿಡಿದು, ಬಹಳ ಮರ್ಯಾದೆಯಿಂದಲೇ ಕೇಳಿದ:

"ಯಜಮಾನ್ರೇ, ತಾವು ಯಾವ ಜನ?"

"ಗಿರಣಿ ಜನ ನೋಡಪ್ಪಾ" ಎಂದರು ಹಿರಿಯರು.

ಗುಮಾಸ್ತನಿಗೆ ಅದು ಹಾಸ್ಯವಾಗಿ ಕಾಣಲಿಲ್ಲ. ಸಂಘದ ಪತ್ರ ಉಂಟೆ ಎಂದು ಕೇಳಿದ. ಇಲ್ಲವೆಂದೆವು. "ನಮ್ಮೋರಿಗೆ ಮಾತ್ರ ಸ್ವಾಮಿ, ನಾನೇನು ಮಾಡ್ಲಿ" ಎಂದು ಪುಸ್ತಕ ಮುಚ್ಚಿದ. ಒಳಗೆ ಸಾಲು ಕೋಣೆಗಳಲ್ಲಿ ದೀಪ ಆರಿತ್ತು. ಆ ರಾತ್ರಿ ನಾವು ಬಸ್ ನಿಲ್ದಾಣವೊಂದರ ಕಲ್ಲುಬೆಂಚಿನ ಮೇಲೆ ಕಳೆದೆವು. ಹಿರಿಯರಿಗೆ ಸೊಂಟ ಹಿಡಿಯಿತು.

ಆ ಬಡ ಗುಮಾಸ್ತನ ಮೇಲೆ ನಮಗೆ ಸಿಟ್ಟಿಲ್ಲ. ಅವನೂ ಸಂಬಳದ ಆಳು. ಸಿಟ್ಟಿರುವುದು ಆ ಪುಸ್ತಕದಲ್ಲಿ ಕುಲಕ್ಕೆಂದೇ ಒಂದು ಕಲಂ ಬರೆಸಿದವರ ಮೇಲೆ, ಮತ್ತು ಊರಿನ ಬಡವನಿಗೆ ಆ ಬಾಗಿಲಲ್ಲದೆ ಬೇರೆ ಬಾಗಿಲನ್ನೇ ಇಡದ ಸರ್ಕಾರದ ಮೇಲೆ.

ಮೊದಲು ಆ ಮಹನೀಯರ ವಾದ ಕೇಳೋಣ. "ನಮ್ಮ ಜನ ಕಾಸಿಗೆ ಕಾಸು ಕೂಡಿಸಿ ಕಟ್ಟಿದ್ದು; ನಮ್ಮವರಿಗೆ ಕೊಟ್ಟರೆ ತಪ್ಪೇನು?" ಈ ವಾದವನ್ನು ಸುಮ್ಮನೆ ತಳ್ಳಿಹಾಕುವಂತಿಲ್ಲ. ಹಳೆಯ ಮೈಸೂರು ಸಂಸ್ಥಾನದ ಕಾಲದಲ್ಲಿ ಜಾತಿ ಸಂಘಗಳು ಕಟ್ಟಿದ ವಿದ್ಯಾರ್ಥಿನಿಲಯಗಳಿಲ್ಲದಿದ್ದರೆ ಹಳ್ಳಿಯ ಎಷ್ಟೋ ಹುಡುಗರು ಪೇಟೆಯ ಶಾಲೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಅದನ್ನು ನಾವು ಮರೆತಿಲ್ಲ. ಆದರೆ ಅಂದು ತುಳಿತಕ್ಕೆ ಸಿಕ್ಕವನು ತಲೆಯೆತ್ತಲು ಹಿಡಿದ ಕೋಲು, ಇಂದು ಬಾಗಿಲಲ್ಲಿ ನಿಂತವನನ್ನು ಅಟ್ಟುವ ಕೋಲಾಗಿದೆ. ಇನ್ನೊಂದು ಮಾತು. "ನಮ್ಮ ಕಾಸು" ಎನ್ನುವವರು ನಿವೇಶನ ಯಾರದೆಂದು ಹೇಳುವುದಿಲ್ಲ. ಸರ್ಕಾರದಿಂದ ರಿಯಾಯಿತಿ ದರದ ಜಾಗ, ಆಯವ್ಯಯದಲ್ಲಿ ಸಮುದಾಯ ಭವನಕ್ಕೆ ಅನುದಾನ, ಶಾಸಕರ ನಿಧಿ, ಇವುಗಳ ಸೋಂಕಿಲ್ಲದೆ ಎದ್ದು ನಿಂತ ಭವನಗಳು ವಿರಳ. ಆ ಹಣದಲ್ಲಿ ಬೀಡಿ ಕಟ್ಟುವವಳ ತೆರಿಗೆಯೂ ಇದೆ. ತೆರಿಗೆ ತೆಗೆದುಕೊಳ್ಳುವಾಗ ಯಾರೂ ಯಾವ ಜನ ಎಂದು ಕೇಳಲಿಲ್ಲ.

ಕಾನೂನೇನು ಮೂಕವಾಗಿಲ್ಲ. ಸಂವಿಧಾನದ 15ನೆಯ ಅನುಚ್ಛೇದ ಪೂರ್ಣವಾಗಿಯೋ ಭಾಗಶಃವಾಗಿಯೋ ಸರ್ಕಾರದ ಹಣದಿಂದ ನಡೆಯುವ ಸಾರ್ವಜನಿಕ ತಾಣಗಳಲ್ಲಿ ಜಾತಿಯ ಕಾರಣಕ್ಕೆ ಯಾರನ್ನೂ ತಡೆಯಬಾರದೆನ್ನುತ್ತದೆ. ಅಸ್ಪೃಶ್ಯತೆಯ ನೆಲೆಯ ಮೇಲೆ ಧರ್ಮಶಾಲೆ, ಸರಾಯಿ, ಮುಸಾಫಿರಖಾನೆಗಳ ಪ್ರವೇಶವನ್ನು ನಿರಾಕರಿಸುವುದು 1955ರ ಕಾಯ್ದೆಯ ಪ್ರಕಾರ ಶಿಕ್ಷಾರ್ಹ ಅಪರಾಧ. ಎಲ್ಲ ಜನರಿಗೆ ತೆರೆದ ಧರ್ಮಶಾಲೆಯಷ್ಟೇ ಅಲ್ಲ, ಜನರ ಒಂದು ವಿಭಾಗಕ್ಕೆ ತೆರೆದಿರುವುದೂ ಆ ಕಾಯ್ದೆಗೆ ಒಳಪಡುತ್ತದೆ. ಆದರೆ ಗುಮಾಸ್ತ ಎಂದಾದರೂ "ನೀನು ಅಸ್ಪೃಶ್ಯ, ಹೋಗು" ಎನ್ನುವನೆ? "ಸಂಘದ ಪತ್ರ ಉಂಟೆ" ಎನ್ನುತ್ತಾನೆ. ಒಂದು ತುಂಡು ಕಾಗದ ಬಂದು ಕಾಯ್ದೆಯ ಕಣ್ಣಿಗೆ ಬಟ್ಟೆ ಕಟ್ಟಿತು.

ಇದು ಎಂಥ ಅವಮಾನವೆಂದು ತಿಳಿಯದವರು ಡಾ. ಅಂಬೇಡ್ಕರರ ಬರೋಡದ ಅನುಭವ ಓದಲಿ. ಅಮೆರಿಕ, ಲಂಡನ್ನುಗಳಲ್ಲಿ ಓದಿ 1917ರಲ್ಲಿ ಬರೋಡ ಸಂಸ್ಥಾನದ ಚಾಕರಿಗೆ ಬಂದ ಅವರಿಗೆ ಊರಿನಲ್ಲಿ ತಂಗಲು ಜಾಗ ಸಿಗಲಿಲ್ಲ. ಪಾರ್ಸಿಗಳ ಛತ್ರವೊಂದರಲ್ಲಿ ಪಾರ್ಸಿ ಹೆಸರಿಟ್ಟುಕೊಂಡು ಇದ್ದರು. ಹನ್ನೊಂದನೆಯ ದಿನ ಬೆಳಿಗ್ಗೆ ಹನ್ನೆರಡು ಮಂದಿ ದೊಣ್ಣೆ ಹಿಡಿದು ಬಂದು, ಸಂಜೆಯೊಳಗೆ ಖಾಲಿ ಮಾಡೆಂದರು. ಕೊನೆಗೆ ಅವರು ಸಾರ್ವಜನಿಕ ತೋಟದ ಮರದಡಿ ಕುಳಿತು ಕಾಲ ಕಳೆದು ಮುಂಬಯಿಯ ರೈಲು ಹಿಡಿದರು. ಇವತ್ತು ದೊಣ್ಣೆಯ ಜಾಗದಲ್ಲಿ ರಿಜಿಸ್ಟರು ಬಂದಿದೆ.

ನಮ್ಮ ವ್ಯಾಪಾರಿ ಬಂಧುಗಳಿಗೆ ಇನ್ನೊಂದು ಛತ್ರದ ಕಥೆ ಹೇಳಬೇಕು. ಬೆಂಗಳೂರು ರೈಲ್ವೆ ನಿಲ್ದಾಣದ ಎದುರು ಗುಬ್ಬಿ ತೋಟದಪ್ಪನವರ ಛತ್ರವಿದೆ. ತೋಟದಪ್ಪನವರು ಅರಸರಲ್ಲ, ವ್ಯಾಪಾರಿ. ರೈಲು ಇಳಿದ ಪರಸ್ಥಳದವನಿಗೆ ತಲೆ ಊರಲು ಜಾಗವಿರಲೆಂದು ಕಟ್ಟಿಸಿದ ಛತ್ರ 1903ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕೈಯಲ್ಲಿ ಆರಂಭವಾಯಿತು. ಬಂದ ಪ್ರವಾಸಿಯ ಮತ ಕೇಳದೆ ಇಳಿಸಿಕೊಂಡ ಛತ್ರವೆಂದು ಅದಕ್ಕೆ ಹೆಸರು. ಅಂದು ಅದು ಪೇಟೆಯ ಅಂಚು. ಇಂದು ಬಸ್ಸುಗಳು ಒದರುವ ಕೆಂಪೇಗೌಡ ನಿಲ್ದಾಣದ ಜಾಗ ಆಗ ಧರ್ಮಾಂಬುಧಿ ಕೆರೆಯ ಅಂಗಳ. ಊರು ಬೆಳೆದು ಆ ಅಂಚೇ ನಡುವಾಯಿತು. ಇಂದಿನ ಅಂಚು ಪೀಣ್ಯ, ಮಾದಾವರ, ಬೊಮ್ಮಸಂದ್ರ. ಅಲ್ಲಿ ಇಂದಿನ ತೋಟದಪ್ಪ ಯಾರು? ಕೋಟಿ ಎಣಿಸುವ ಧಣಿಗಳಿಗೆ ನೂರು ಎಕರೆ ಬಡಾವಣೆ ಬೇಕು, ನೂರು ಚಾಪೆ ಬೇಡ.

ಇನ್ನು ಸರ್ಕಾರಗಳ ಲೀಲೆ. 2014ರ ಸೆಪ್ಟೆಂಬರಿನಲ್ಲಿ ಭವಿಷ್ಯನಿಧಿ ಪಿಂಚಣಿಯ ಕನಿಷ್ಠ ಮೊತ್ತವನ್ನು ತಿಂಗಳಿಗೆ 1000 ರೂಪಾಯಿ ಎಂದು ಗೊತ್ತುಮಾಡಿದರು. ಒಬ್ಬ ಮುದಿ ಕಾರ್ಮಿಕ ಮೂವತ್ತು ದಿನ ಬದುಕಲು ಇದು ಸಾಕೆಂದು ದೆಹಲಿಯ ಲೆಕ್ಕ. ಅದೇ ದೆಹಲಿ, 2022ರ ಜುಲೈ 18ರಿಂದ, ದಿನಕ್ಕೆ 1000 ರೂಪಾಯಿಯೊಳಗಿನ ಲಾಡ್ಜು ಕೋಣೆಗೂ ಶೇಕಡಾ 12 ಜಿ.ಎಸ್.ಟಿ. ಹಾಕಿತು. ಅಲ್ಲಿಯವರೆಗೆ ಆ ಕೋಣೆಗೆ ತೆರಿಗೆ ಇರಲಿಲ್ಲ. 2025ರ ಸೆಪ್ಟೆಂಬರ್ 22ರಿಂದ ಅದನ್ನು ಶೇಕಡಾ 5ಕ್ಕೆ ಇಳಿಸಿ ಉಡುಗೊರೆ ಎಂದು ಡಂಗುರ ಹೊಡೆದರು. ಜೇಬಿನಿಂದ ಹನ್ನೆರಡು ಕಿತ್ತು ಏಳು ಹಿಂದಿರುಗಿಸಿದವನಿಗೆ ಹಾರ ಹಾಕಬೇಕಂತೆ! ವರ್ಷಕ್ಕೆ 20 ಲಕ್ಷದ ವಹಿವಾಟು ದಾಟದ ಪುಟ್ಟ ಲಾಡ್ಜಿಗೆ ನೋಂದಣಿಯ ಗೊಡವೆಯಿಲ್ಲ, ನಿಜ. ಬೆಂಗಳೂರಿನ ಬಾಡಿಗೆಯಲ್ಲಿ ಅಂಥ ಪುಟ್ಟ ಲಾಡ್ಜು ಎಷ್ಟು ದಿನ ಬಾಳೀತೆಂದು ವ್ಯಾಪಾರಿಗಳಿಗೆ ನಾವು ಹೇಳಬೇಕಾಗಿಲ್ಲ.

ವಿನಾಯಿತಿ ಯಾರಿಗೆ ಎಂಬುದನ್ನೂ ನೋಡಿ. 2024ರಲ್ಲಿ ಹಾಸ್ಟೆಲುಗಳಿಗೆ ವಿನಾಯಿತಿ ಬಂತು: ತಿಂಗಳಿಗೆ 20,000 ರೂಪಾಯಿಯವರೆಗೆ, ಆದರೆ ಸತತ 90 ದಿನವಾದರೂ ಇರಬೇಕು. ಧಾರ್ಮಿಕ ಕ್ಷೇತ್ರದ ಆವರಣದಲ್ಲಿ ನೋಂದಾಯಿತ ಟ್ರಸ್ಟು ನಡೆಸುವ, ದಿನಕ್ಕೆ 1000 ರೂಪಾಯಿಗಿಂತ ಕಡಿಮೆಯ ಕೋಣೆಗೂ ವಿನಾಯಿತಿಯಿದೆ. ಅಂದರೆ ಮೂರು ತಿಂಗಳು ಇರುವವನು ಪಾರು, ದೇವರ ಪಕ್ಕ ಮಲಗುವವನು ಪಾರು. "ನಾಳೆ ಬನ್ನಿ" ಎನಿಸಿಕೊಂಡು ಒಂದು ರಾತ್ರಿಗೆ ಸಿಕ್ಕಿಬಿದ್ದವನು ಮಾತ್ರ ತೆರಿಗೆ ತೆರಬೇಕು. ಕಾರ್ಮಿಕ ಸಂಘವೊಂದು ನಾಳೆ ತಂಗುಮನೆ ತೆರೆದರೆ ಅದಕ್ಕೆ ದೇವರ ಹೆಸರಿಡಬೇಕೇ?

ದೇವರ ಹೆಸರಲ್ಲಿ ನಡೆಯುವುದೆಲ್ಲ ಕೆಟ್ಟದ್ದೆಂದು ನಾವು ಹೇಳುತ್ತಿಲ್ಲ. ಅಮೃತಸರದ ಸರಾಯಿಗಳಲ್ಲಿ ಯಾವ ಮತದವನಿಗಾದರೂ ಜಾಗವುಂಟು, ಲಂಗರಿನಲ್ಲಿ ಊಟವುಂಟು. ಸಿಖ್ಖರಿಗೆ ತಮ್ಮವರೆಂಬ ಅಭಿಮಾನ ಕಡಿಮೆಯೇ? ಆದರೂ ಅವರು ಬಾಗಿಲು ಮುಚ್ಚಲಿಲ್ಲ.

ರಾಜ್ಯ ಸರ್ಕಾರ ಶಕ್ತಿ ಯೋಜನೆಯಿಂದ 2023ರ ಜೂನಿನಲ್ಲಿ ಹೆಂಗಸರಿಗೆ ಬಸ್ ಪ್ರಯಾಣ ಉಚಿತ ಮಾಡಿತು. ಒಳ್ಳೆಯ ಕೆಲಸ, ಅದನ್ನು ಹಂಗಿಸುವವರ ಜೊತೆ ನಾವಿಲ್ಲ. ಆದರೆ ಕಾಸಿಲ್ಲದೆ ಬೆಂಗಳೂರು ಮುಟ್ಟಿದ ತಾಯಿ ರಾತ್ರಿ ಎಲ್ಲಿರಬೇಕು? ಒಂಟಿ ಹೆಂಗಸೆಂದರೆ ಅಗ್ಗದ ಲಾಡ್ಜಿನವನು ಕೋಣೆ ಇಲ್ಲವೆನ್ನುತ್ತಾನೆ, ಛತ್ರದವನು ಗಂಡ ಎಲ್ಲಿ ಎನ್ನುತ್ತಾನೆ. ದಾರಿ ಕೊಟ್ಟರು, ದಾರಿಯ ಕೊನೆಯಲ್ಲಿ ಸೂರು ಮರೆತರು.

ಲಕ್ಷ ಜನಸಂಖ್ಯೆಗೆ ಒಂದರಂತೆ ರಾತ್ರಿ ಹಗಲು ತೆರೆದ ಆಶ್ರಯತಾಣ ಬೇಕೆಂದು 2010ರಲ್ಲಿ ಸುಪ್ರೀಂ ಕೋರ್ಟು ರಾಜ್ಯಗಳಿಗೆ ಹೇಳಿತು. 2011ರ ಜನಗಣತಿಯಂತೆ ಬೆಂಗಳೂರು ಪಾಲಿಕೆಯ ಜನ 84 ಲಕ್ಷ. 84 ತಾಣಗಳಾದರೂ ಬೇಕಿತ್ತು. ನಗರ ಆ ಲೆಕ್ಕದ ಹತ್ತಿರಕ್ಕೂ ಸುಳಿಯಲಿಲ್ಲ. ಕಟ್ಟಡಕ್ಕೆ ಹಣವಿಲ್ಲವೆಂದು ಹೇಳಬೇಡಿ. 2014ರಲ್ಲಿ ಪೀಣ್ಯದಲ್ಲಿ ಬಸವೇಶ್ವರ ಬಸ್ ನಿಲ್ದಾಣವನ್ನು ಉದ್ಘಾಟಿಸಿದರು. ಪ್ರಯಾಣಿಕರು ಬಾರದೆ ಅದು ವರ್ಷಗಟ್ಟಲೆ ಭಣಗುಟ್ಟಿತು. ಬಂದವನ ಕುಲ ಕೇಳಬಾರದೆಂದ ಹನ್ನೆರಡನೆಯ ಶತಮಾನದ ಮಹಾಪುರುಷನ ಹೆಸರು ಹೊತ್ತ ಸೂರಿನಡಿ ಎರಡು ಹಜಾರ, ಹೆಂಗಸರಿಗೊಂದು ಗಂಡಸರಿಗೊಂದು, ಚಾಪೆ ಹಾಸಿ ಬಿಸಿನೀರು ಕೊಡಲು ಯಾವ ಇಂಜಿನಿಯರನ ಅಪ್ಪಣೆ ಬೇಕಿತ್ತು?

ಸರ್ಕಾರ ಕೊಡುವವರೆಗೆ ಕಾಯುವುದೂ ನಮ್ಮ ಮತವಲ್ಲ. ನಮ್ಮೂರಿನಲ್ಲಿ ಹಮಾಲರಿದ್ದಾರೆ, ಮಂಡಕ್ಕಿ ಭಟ್ಟಿಯವರಿದ್ದಾರೆ, ಹಳೆಯ ಗಿರಣಿಯವರಿದ್ದಾರೆ, ಅಂಗಡಿಯವರಿದ್ದಾರೆ. ಸಾವಿರ ಜನ ತಿಂಗಳಿಗೆ ಹತ್ತು ರೂಪಾಯಿ ಹಾಕಿದರೆ ವರ್ಷಕ್ಕೆ ಒಂದು ಲಕ್ಷ ಇಪ್ಪತ್ತು ಸಾವಿರ. ಅರಮನೆ ಬರದು, ಮೆಟ್ರೋ ರೈಲು 2024ರಲ್ಲಿ ಮಾದಾವರ ಮುಟ್ಟಿದೆ, ಅದರಾಚೆ ಎರಡು ಕೋಣೆಯ ಒಂದು ಮನೆ ಬಾಡಿಗೆಗೆ ಸಿಕ್ಕೀತು. ರಾತ್ರಿಗೆ ಐವತ್ತು ರೂಪಾಯಿ ಪಡೆದರೆ ಕಾವಲಿನವನ ಸಂಬಳದ ಒಂದು ಪಾಲು ಹುಟ್ಟುತ್ತದೆ. ಸಹಕಾರ ಸಂಘವಾಗಿ ನೋಂದಾಯಿಸಬಹುದು. ಪುಸ್ತಕದಲ್ಲಿ ಹೆಸರು, ಊರು, ಬಂದ ಕೆಲಸ, ಈ ಮೂರೇ ಕಲಂ. ಬೆಂಗಳೂರಿನಲ್ಲಿ ದಿನ ತಳ್ಳುವುದೇ ಕಷ್ಟ, ಹತ್ತು ರೂಪಾಯಿಯಲ್ಲಿ ಏನಾದೀತು ಎನ್ನುವ ವ್ಯಾಪಾರಿ ಮಿತ್ರರು ಕಳೆದ ಬಾರಿ ತಾವು ಕೊಟ್ಟ ಲಾಡ್ಜಿನ ರಸೀದಿಯನ್ನು ಒಮ್ಮೆ ತೆಗೆದು ನೋಡಲಿ.

ಹಿರಿಯರ ಕಾಗದ ಮರುದಿನವೂ ಸರಿಹೋಗಲಿಲ್ಲ. ಸಾಹೇಬರು ರಜೆಯಲ್ಲಿದ್ದರು. ಬರುವ ತಿಂಗಳು ಒಂಬತ್ತಕ್ಕೆ ಮತ್ತೆ ಬರಹೇಳಿದ್ದಾರೆ. ಈ ಸಲ ಅವರ ಹೆಂಡತಿಯೂ ಜೊತೆಗೆ ಬರುತ್ತಾರೆ, ಸಹಿ ಬೇಕಂತೆ. ಇಬ್ಬರಿಗೆ ಮಲಗುವ ಜಾಗ ಇನ್ನೂ ಗೊತ್ತಾಗಿಲ್ಲ.