ಹಚ್ಚೆಯ ಎರಡನೆಯ ಸೂಜಿಗೆ ಯಾರು ಹೊಣೆ?

ಮಲೆನಾಡಿಗೆ ಹಚ್ಚೆ ಹೊಸದೇನಲ್ಲ. ಮುಂಗೈಯಲ್ಲಿ ರಂಗೋಲಿಯ ಎಳೆ, ಗಲ್ಲದಲ್ಲೊಂದು ಚುಕ್ಕೆ, ತೋಳಿನಲ್ಲಿ ತವರಿನವರ ಹೆಸರು ಹೊತ್ತ ಹಿರಿಯ ಹೆಂಗಸರು ಚಿಕ್ಕಮಗಳೂರು, ಮೂಡಿಗೆರೆ, ಕಳಸದ ಹಳ್ಳಿಗಳಲ್ಲಿ ಈಗಲೂ ಕಾಣಸಿಗುತ್ತಾರೆ. ಊರೂರು ಅಲೆಯುತ್ತಿದ್ದ ಕೊರವಂಜಿಯರು, ಕಿಳ್ಳೇಕ್ಯಾತರ ಹೆಂಗಸರು ದೀಪದ ಕಾಡಿಗೆಗೆ ಸೊಪ್ಪಿನ ರಸ ಬೆರೆಸಿ, ಸೂಜಿಯಿಂದ ಚುಚ್ಚಿ, ಮೇಲೆ ಅರಿಸಿನ ಸವರಿ ಹೋಗುತ್ತಿದ್ದರು. ಆ ಪದ್ಧತಿ ನಿರಪಾಯಕಾರಿಯಾಗಿತ್ತೆಂದು ಯಾರೂ ಹೇಳಲಾರರು. ಆದರೆ ಅದು ಸಾಮಾನ್ಯವಾಗಿ ಒಮ್ಮೆ ಹೊಯ್ಯಿಸಿಕೊಂಡು ಮುಗಿಯುವ ಕೆಲಸವಾಗಿತ್ತು. ಇಂದಿನ ಹಚ್ಚೆ ಹಾಗಲ್ಲ. ವಿದ್ಯುತ್ ಯಂತ್ರ, ಬಣ್ಣಬಣ್ಣದ ಶಾಯಿ, ಅದರ ಜೊತೆಗೆ 'ಟಚ್‌ಅಪ್' ಎಂಬ ಎರಡನೆಯ ಸುತ್ತು. ಅಪಾಯದ ಚರ್ಚೆಯೆಲ್ಲ ಮೊದಲ ಸೂಜಿಗೇ ಸೀಮಿತವಾಗಿ, ಈ ಎರಡನೆಯ ಸೂಜಿ ಯಾರ ಗಮನಕ್ಕೂ ಬಾರದೆ ಉಳಿದಿದೆ.

ಮೊದಲ ಸಲ ಹಾಕಿದ ಬಣ್ಣ ಅಲ್ಲಲ್ಲಿ ಮಾಸಿದಾಗ ಅದೇ ಜಾಗಕ್ಕೆ ಮತ್ತೆ ಶಾಯಿ ತುಂಬುವುದೇ ಟಚ್‌ಅಪ್. ಹಚ್ಚೆಯ ಗಾಯ ಎರಡು ಮೂರು ವಾರಗಳಲ್ಲಿ ಮಾಗಿದಂತೆ ತೋರುತ್ತದೆ. ಆದರೆ ಶಾಯಿ ಕೂರುವುದು ಹೊರತೊಗಲಿನಲ್ಲಲ್ಲ, ಅದರ ಕೆಳಗಿನ ಒಳಪದರದಲ್ಲಿ. ಆ ಪದರ ಚೇತರಿಸಿಕೊಳ್ಳಲು ಇನ್ನೂ ಹೆಚ್ಚು ಕಾಲ ಬೇಕು. ಅದಕ್ಕೆ ಮೊದಲೇ ಮತ್ತೆ ಚುಚ್ಚಿದರೆ ಗಾಯದ ಮೇಲೆ ಗಾಯ ಮಾಡಿದಂತಾಗಿ, ಕಲೆ ಉಬ್ಬಿ ನಿಲ್ಲುವ, ಕೀವಾಗುವ ಸಂಭವ ಹೆಚ್ಚುತ್ತದೆ. ಹಾಕಿಸಿಕೊಂಡವರು ಮಾತ್ರ ಇದನ್ನು ಸಣ್ಣ ತಿದ್ದುಪಡಿ ಎಂದೇ ಭಾವಿಸುತ್ತಾರೆ. ಎಷ್ಟೋ ಕಡೆ ಇದು ಪುಕ್ಕಟೆಯ ಸೇವೆ. ಹಣ ಪಡೆಯದ ಕೆಲಸಕ್ಕೆ ರಸೀತಿ ಇಲ್ಲ, ರಸೀತಿ ಇಲ್ಲದ ಕೆಲಸಕ್ಕೆ ಹೊಣೆಯೂ ಇಲ್ಲ!

ಕಾಫಿ ಸೀಮೆಯಲ್ಲಿ ಈ ಸಮಸ್ಯೆಗೆ ಮತ್ತೊಂದು ಮುಖವಿದೆ. ಗಾಯ ಒಣಗಿರಬೇಕು, ಶುಚಿಯಾಗಿರಬೇಕು ಎಂಬುದು ವೈದ್ಯರ ಮೊದಲ ಸೂಚನೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬಟ್ಟೆಯೇ ಒಣಗದ ಊರಿನಲ್ಲಿ ಇದು ಸುಲಭದ ಮಾತಲ್ಲ. ತೋಟದ ಕಾರ್ಮಿಕನಿಗೆ ಮಳೆ, ಕೆಸರು, ಜಿಗಣೆಗಳ ನಡುವೆಯೇ ದಿನಗೂಲಿ. ಕೊಳೆರೋಗ ತಡೆಯಲು ಸಿಂಪಡಿಸುವ ಬೋರ್ಡೋ ದ್ರಾವಣವೆಂದರೆ ಮೈಲುತುತ್ತ ಮತ್ತು ಸುಣ್ಣದ ಮಿಶ್ರಣ. ಮಾಗದ ಚರ್ಮಕ್ಕೆ ಅದು ತಾಗಿದರೆ ಉರಿ, ಕೆರಳಿಕೆ ತಪ್ಪಿದ್ದಲ್ಲ. ಗಾಯ ಕೆಟ್ಟರೆ ಹತ್ತಿರ ಸಿಗುವುದು ಔಷಧಿ ಅಂಗಡಿಯ ಮುಲಾಮು. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿಲೋಮೀಟರ್ ಘಾಟಿಯ ದಾರಿ. ಚರ್ಮವೈದ್ಯರನ್ನು ಕಾಣಲು ಹೊರಟರೆ ಒಂದು ದಿನದ ಕೂಲಿ ಖೋತಾ. ಸ್ಟೀರಾಯ್ಡ್ ಇರುವ ಹಲವು ಮುಲಾಮುಗಳನ್ನು ವೈದ್ಯರ ಚೀಟಿ ಇಲ್ಲದೆ ಮಾರಬಾರದೆಂದು 2018ರಲ್ಲಿಯೇ ಕೇಂದ್ರ ಸರ್ಕಾರ ನಿಯಮ ಬಿಗಿ ಮಾಡಿತು. ಸೋಂಕಿನ ಮೇಲೆ ಅಂಥ ಮುಲಾಮು ಸವರಿದರೆ ಕೆಂಪು ತಗ್ಗುತ್ತದೆ, ಒಳಗಿನ ಸೋಂಕು ಬೆಳೆಯುತ್ತಲೇ ಇರುತ್ತದೆ.

ಸೂಜಿ ಹೊಸದಾಗಿದ್ದರೆ ಸಾಕು ಎಂಬ ನಂಬಿಕೆಯೂ ಪೂರ್ತಿ ಸರಿಯಲ್ಲ. ಹಳೆಯ ಸೂಜಿಯಿಂದ ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಎಚ್‌ಐವಿ ಹರಡಬಹುದೆಂಬುದು ತಿಳಿದ ವಿಷಯ. ಆದರೆ 2011ರ ಕೊನೆಯಲ್ಲಿ ಅಮೆರಿಕದ ನ್ಯೂಯಾರ್ಕ್ ರಾಜ್ಯದ ರಾಚೆಸ್ಟರ್‌ನಲ್ಲಿ ಹಚ್ಚೆ ಹಾಕಿಸಿಕೊಂಡ 19 ಮಂದಿಯಲ್ಲಿ ಚರ್ಮದ ಸೋಂಕು ಕಾಣಿಸಿಕೊಂಡಾಗ, ಮೂಲ ಸಿಕ್ಕಿದ್ದು ತಯಾರಕನೇ ನೀರು ಬೆರೆಸಿ ಕಳಿಸಿದ್ದ ಬೂದು ಶಾಯಿಯಲ್ಲಿ. ಮುಚ್ಚಳ ತೆಗೆಯದ ಶೀಶೆಯಲ್ಲಿಯೂ ಅದೇ ಸೂಕ್ಷ್ಮಾಣು ಇತ್ತು. ಇಂಥ ಸೋಂಕು ಕೆಲವು ವಾರಗಳ ನಂತರ ಗುಳ್ಳೆಗಳಾಗಿ ಹೊರಬೀಳುತ್ತದೆ. ಸಾಮಾನ್ಯ ಮಾತ್ರೆಗಳಿಗೆ ಜಗ್ಗುವುದಿಲ್ಲ. ಅಲ್ಲಿ ಮೂಲ ಪತ್ತೆಯಾದದ್ದು ಯಾರಿಗೆ ಯಾವ ಶಾಯಿ ಬಳಸಲಾಯಿತೆಂದು ಹುಡುಕಲು ಸಾಧ್ಯವಾದ್ದರಿಂದ. ಜಾತ್ರೆಯ ಬೀದಿಯಲ್ಲೋ ಪ್ರವಾಸಿ ತಾಣದ ಕಿರುಮಳಿಗೆಯಲ್ಲೋ ಹಾಕಿಸಿಕೊಂಡ ಹಚ್ಚೆಯ ವಿಷಯದಲ್ಲಿ ಹಾಗೆ ಹುಡುಕಲು ಹೊರಟರೆ ನಮ್ಮ ಕೈಗೆ ಏನು ಸಿಕ್ಕೀತು?

ಸರ್ಕಾರಕ್ಕೆ ಈ ಸಂಗತಿ ತಿಳಿಯದೆ ಇಲ್ಲ. ಹಚ್ಚೆಯ ಶಾಯಿಯ ಮಾದರಿಗಳಲ್ಲಿ ಸೆಲೆನಿಯಂ, ಕ್ರೋಮಿಯಂ, ಆರ್ಸೆನಿಕ್ ಸೇರಿದಂತೆ 22 ಲೋಹಗಳು ಪತ್ತೆಯಾಗಿವೆ ಎಂದೂ, ಮಾನದಂಡ ನಿಗದಿಗೆ ಕೇಂದ್ರಕ್ಕೆ ಪತ್ರ ಬರೆಯುವುದಾಗಿಯೂ ರಾಜ್ಯದ ಆರೋಗ್ಯ ಸಚಿವ ದಿನೇಶ್ ಗುಂಡೂರಾವ್ 2025ರ ಫೆಬ್ರುವರಿಯಲ್ಲಿ ಹೇಳಿದ್ದರು. ಐರೋಪ್ಯ ಒಕ್ಕೂಟವು 2022ರ ಜನವರಿಯಿಂದಲೇ ಹಚ್ಚೆಯ ಶಾಯಿಯಲ್ಲಿ ನಾಲ್ಕು ಸಾವಿರಕ್ಕೂ ಹೆಚ್ಚು ರಾಸಾಯನಿಕಗಳಿಗೆ ಮಿತಿ ಹೇರಿದೆ. ನಮ್ಮ 1940ರ ಔಷಧ ಮತ್ತು ಸೌಂದರ್ಯವರ್ಧಕ ಕಾಯ್ದೆಯಾದರೂ, ಅಂದಕ್ಕಾಗಿ ಮೈಗೆ ಸವರುವ ವಸ್ತುವನ್ನಷ್ಟೇ ಅಲ್ಲ, ದೇಹದೊಳಕ್ಕೆ ಸೇರಿಸುವ ವಸ್ತುವನ್ನೂ ಸೌಂದರ್ಯವರ್ಧಕವೆಂದೇ ಕರೆಯುತ್ತದೆ. ಹೀಗಿರುವಾಗ ಹಚ್ಚೆಯ ಶಾಯಿ ಈ ವ್ಯಾಖ್ಯೆಯ ಹೊರಗೆ ಉಳಿಯಲು ಕಾರಣವೇ ಕಾಣುವುದಿಲ್ಲ. ರಕ್ತದಾನಿಗಳ ಆಯ್ಕೆ ಕುರಿತ 2017ರ ರಾಷ್ಟ್ರೀಯ ಮಾರ್ಗಸೂಚಿ ಹಚ್ಚೆ ಹಾಕಿಸಿಕೊಂಡವರಿಂದ 12 ತಿಂಗಳು ರಕ್ತ ಪಡೆಯಬಾರದೆಂದು ಹೇಳಿತು. ರಕ್ತ ಪಡೆಯುವಾಗ ಇಷ್ಟು ಎಚ್ಚರ ವಹಿಸುವ ವ್ಯವಸ್ಥೆ, ಚುಚ್ಚುವಾಗ ಕಣ್ಣು ಮುಚ್ಚಿಕೊಳ್ಳುವುದು ವಿಚಿತ್ರವಲ್ಲವೇ?

ಮಾರುವವನಿಗೆ ಸರಕಿನ ಗುಣ ಗೊತ್ತಿದ್ದು ಕೊಳ್ಳುವವನಿಗೆ ಗೊತ್ತಿಲ್ಲದ ಮಾರುಕಟ್ಟೆಯಲ್ಲಿ ಕೆಟ್ಟ ಸರಕು ಒಳ್ಳೆಯದನ್ನು ಹೊರದೂಡುತ್ತದೆ ಎಂದು ಅರ್ಥಶಾಸ್ತ್ರಜ್ಞ ಜಾರ್ಜ್ ಅಕರ್ಲಾಫ್ 1970ರಲ್ಲಿ ತೋರಿಸಿಕೊಟ್ಟರು. ಹಚ್ಚೆಯ ವಿಷಯದಲ್ಲಿ ಹಲವೊಮ್ಮೆ ಹಾಕುವವನಿಗೂ ಶೀಶೆಯೊಳಗೆ ಏನಿದೆ ಎಂಬುದು ತಿಳಿದಿರುವುದಿಲ್ಲ. ಶುಚಿತ್ವಕ್ಕೆ ಖರ್ಚು ಮಾಡುವ ಪ್ರಾಮಾಣಿಕ ಕಸುಬುದಾರ ಅಗ್ಗದ ಸ್ಪರ್ಧಿಯ ಮುಂದೆ ಸೋಲುತ್ತಾನೆ. ಆದ್ದರಿಂದ ನಿಯಂತ್ರಣವೆಂದರೆ ಕಸುಬಿಗೆ ಕಿರುಕುಳವಲ್ಲ, ಒಳ್ಳೆಯ ಕಸುಬುದಾರನಿಗೆ ರಕ್ಷಣೆ.

ಪರವಾನಗಿ ಎಂದೊಡನೆ ಲಂಚದ ಇನ್ನೊಂದು ಬಾಗಿಲು ತೆರೆಯುತ್ತದೆಂಬ ಆತಂಕ ಸಹಜ. ಸರ್ಕಾರಿ ಕಡತಗಳ ನಡುವೆ ಬದುಕು ಕಳೆದವರಿಗೆ ಆ ಆತಂಕವನ್ನು ತಳ್ಳಿಹಾಕುವುದು ಕಷ್ಟ. ಹಾಗಾಗಿ ಬೇಕಾದದ್ದು ದೊಡ್ಡ ಕಾಯ್ದೆಯಲ್ಲ, ಚಿಕ್ಕ ದಾಖಲೆ. ನಗರಸಭೆ, ಪಂಚಾಯಿತಿಗಳು ಹಚ್ಚೆ ಮಳಿಗೆಗಳನ್ನು ನೋಂದಾಯಿಸಲಿ. ಜಾತ್ರೆಯ ತಾತ್ಕಾಲಿಕ ಅಂಗಡಿಗೂ ಇದು ಅನ್ವಯಿಸಲಿ. ಪ್ರತಿ ಸಲ ಚುಚ್ಚಿದಾಗಲೂ, ಟಚ್‌ಅಪ್ ಆದರೂ, ದಿನಾಂಕ ಮತ್ತು ಶಾಯಿಯ ಬ್ಯಾಚ್ ಸಂಖ್ಯೆ ಬರೆದ ಚೀಟಿಯನ್ನು ಗಿರಾಕಿಗೆ ಕೊಡಲಿ. ಆರೈಕೆಯ ಕ್ರಮ, ಅಪಾಯದ ಸೂಚನೆಗಳು ಅದರ ಹಿಂಬದಿಯಲ್ಲಿ ಕನ್ನಡದಲ್ಲಿರಲಿ. ಮೂರು ದಿನಗಳಾದ ಮೇಲೂ ನೋವು ಏರುತ್ತಿದ್ದರೆ, ಕೆಂಪು ಹರಡುತ್ತಿದ್ದರೆ, ಕೀವು ಅಥವಾ ಜ್ವರ ಬಂದರೆ, ಒಂದೇ ಬಣ್ಣದ ಭಾಗ ಮಾತ್ರ ಉಬ್ಬಿ ತುರಿಸಿದರೆ ವೈದ್ಯರಲ್ಲಿಗೆ ಹೋಗಬೇಕೆಂಬುದು ಎಲ್ಲರಿಗೂ ತಿಳಿಯಬೇಕು. ಮಧುಮೇಹಿಗಳಿಗೆ ಈ ಎಚ್ಚರ ಇನ್ನೂ ಹೆಚ್ಚು ಅಗತ್ಯ. ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು ಇಂಥ ಗಾಯ ಕಂಡಾಗ 'ಮತ್ತೆ ಚುಚ್ಚಿಸಿಕೊಂಡಿದ್ದೀರಾ, ಯಾವಾಗ?' ಎಂದು ತಪ್ಪದೆ ಕೇಳಲಿ.

ಮೈಮೇಲೆ ಯಾರ ಹೆಸರು ಬರೆಸಿಕೊಳ್ಳಬೇಕೆಂಬುದು ಅವರವರ ಇಚ್ಛೆ; ಅದರಲ್ಲಿ ಸರ್ಕಾರಕ್ಕಾಗಲಿ ಸಮಾಜಕ್ಕಾಗಲಿ ಕೆಲಸವಿಲ್ಲ. ಆದರೆ ಯಾವ ಶಾಯಿಯಲ್ಲಿ, ಯಾವ ಸೂಜಿಯಲ್ಲಿ, ಎಷ್ಟನೆಯ ಸಲ ಬರೆದರೆಂಬುದಕ್ಕೆ ಒಂದು ಲೆಕ್ಕ ಇರಲೇಬೇಕು. ತೋಟದಲ್ಲಿ ಕೊಯ್ದ ಹಣ್ಣನ್ನು ತೂಗಿ ಬರೆದಿಡುವ ಸೀಮೆಗೆ ಇಷ್ಟು ಲೆಕ್ಕ ಭಾರವಾಗಲಾರದು.