ಓಕೆ ಒತ್ತುವ ಮೊದಲು ಒಮ್ಮೆ ಓದೋಣ

ಕಂಪ್ಯೂಟರು ಹ್ಯಾಂಗ್ ಆದರೆ ಹೆಚ್ಚಿನವರು ಮೊದಲು ಮಾಡುವ ಕೆಲಸ ಯಾವುದು? ಮೌಸನ್ನು ಜೋರಾಗಿ ಅಲ್ಲಾಡಿಸುವುದು. ಎರಡನೆಯದು ಎಂಟರ್ ಕೀಲಿಯನ್ನು ಹತ್ತು ಸಲ ಕುಟ್ಟುವುದು. ಮೂರನೆಯದು ಸ್ವಿಚ್ಚನ್ನೇ ಆರಿಸಿಬಿಡುವುದು! ಮೊಬೈಲಿಗೆ ಹೊಸ ಆ್ಯಪ್ ಹಾಕುವಾಗಲೂ ಕಥೆ ಇದೇ. ಅದು ಏನೋ ಕೇಳುತ್ತದೆ, ಬೆರಳು ‘ಓಕೆ’ ಒತ್ತುತ್ತದೆ. ಮತ್ತೊಂದು ಕೇಳುತ್ತದೆ, ಮತ್ತೊಂದು ಓಕೆ. ಏನು ಕೇಳಿತು ಎಂದು ವಿಚಾರಿಸಿದರೆ ಉತ್ತರವಿಲ್ಲ.

ಮೇಲ್ನೋಟಕ್ಕೆ ಇವೆರಡೂ ಬೇರೆ ಬೇರೆ ಸಮಸ್ಯೆಗಳು. ಒಂದು ಯಂತ್ರದ್ದು, ಇನ್ನೊಂದು ಖಾಸಗಿತನದ್ದು. ಆದರೆ ನಮಗೆ ಕಾಣುವುದು ಒಂದೇ ಕಾಯಿಲೆ. ಪರದೆ ಏನೋ ಹೇಳಿತು, ಅದನ್ನು ಯಾರೂ ಓದಲಿಲ್ಲ.

ಯಾಕೆ ಓದುವುದಿಲ್ಲ? ನಮ್ಮ ಕಾಸರಗೋಡಿನ ಮಕ್ಕಳ ಸ್ಥಿತಿಯನ್ನು ಸ್ವಲ್ಪ ಯೋಚಿಸಿ. ಮನೆಯಲ್ಲಿ ತುಳು, ಬ್ಯಾರಿ, ಹವ್ಯಕ, ಕೊಂಕಣಿ ಅಥವಾ ಮರಾಠಿ. ಶಾಲೆಯಲ್ಲಿ ಕನ್ನಡ. ಬಸ್ಸಿನ ಬೋರ್ಡು, ಕಚೇರಿಯ ಅರ್ಜಿ ಮಲಯಾಳದಲ್ಲಿ. ಕೊನೆಗೆ ಕಂಪ್ಯೂಟರಿನ ಪರದೆ ಇಂಗ್ಲಿಷಿನಲ್ಲಿ! ಈ ನಾಲ್ಕನೇ ಭಾಷೆಯವ ಬಂದು ಏನಾದರೂ ಕೇಳಿದಾಗ ತಲೆಯಾಡಿಸಿ ಕಳಿಸುವುದೇ ಸುಲಭ. ತಲೆಯಾಡಿಸುವುದರ ಇನ್ನೊಂದು ಹೆಸರೇ ಓಕೆ.

ಯಂತ್ರಗಳ ಕೊರತೆ ನಮಗೆ ಅಷ್ಟಿಲ್ಲ. ಕೇರಳದಲ್ಲಿ ಐ.ಟಿ. ಅಟ್ ಸ್ಕೂಲ್ ಯೋಜನೆ ಶುರುವಾದದ್ದು 2001ರಲ್ಲಿ. ಮುಂದೆ ಶಾಲೆಗಳೆಲ್ಲ ಸ್ವತಂತ್ರ ತಂತ್ರಾಂಶಕ್ಕೆ, ಅಂದರೆ ಲಿನಕ್ಸಿಗೆ, ಬದಲಾದವು. 2017ರಲ್ಲಿ ಆ ಯೋಜನೆ ‘ಕೈಟ್’ ಎಂಬ ಸರಕಾರಿ ಕಂಪನಿಯಾಯಿತು. 2018ರಲ್ಲಿ ಹೈಟೆಕ್ ತರಗತಿಗಳೂ ಲಿಟಲ್ ಕೈಟ್ಸ್ ಕ್ಲಬ್ಬುಗಳೂ ಬಂದವು. ಐ.ಸಿ.ಟಿ. ಪಾಠಪುಸ್ತಕ ಕನ್ನಡದಲ್ಲಿಯೂ ಅಚ್ಚಾಗುತ್ತದೆ. ಇದು ಸಣ್ಣ ವಿಷಯವಲ್ಲ. ಆದರೆ ಪುಸ್ತಕ ಕನ್ನಡದಲ್ಲಿದ್ದರೂ ಲ್ಯಾಬಿನ ಪರದೆ ಸಾಮಾನ್ಯವಾಗಿ ಇಂಗ್ಲಿಷಿನಲ್ಲೇ ಇರುತ್ತದೆ. ಮನೆಯ ಮೊಬೈಲೂ ಅಂಗಡಿಯವರು ಇಟ್ಟುಕೊಟ್ಟ ಇಂಗ್ಲಿಷಿನಲ್ಲೇ ಉಳಿದಿರುತ್ತದೆ.

ಮೊದಲು ಹ್ಯಾಂಗ್ ಆಗುವ ವಿಷಯಕ್ಕೆ ಬರೋಣ. ಕಂಪ್ಯೂಟರು ನಿಂತಿತು ಎಂದಾಗ ಎಲ್ಲವೂ ನಿಂತಿರಬೇಕೆಂದಿಲ್ಲ. ಕ್ಯಾಪ್ಸ್ ಲಾಕ್ ಕೀಲಿಯನ್ನು ಒತ್ತಿ ನೋಡಿ. ಅದರ ದೀಪ ಹತ್ತಿ ಆರಿದರೆ ಒಳಗೆ ಜೀವವಿದೆ, ಬಹುಶಃ ಒಂದು ತಂತ್ರಾಂಶ ಮಾತ್ರ ಸಿಕ್ಕಿಹಾಕಿಕೊಂಡಿದೆ ಎಂದರ್ಥ. ಹಾರ್ಡ್ ಡಿಸ್ಕಿನ ದೀಪ ಮಿನುಗುತ್ತಿದ್ದರೆ ಅದು ಏನೋ ಕೆಲಸದಲ್ಲಿದೆ. ಎರಡು ನಿಮಿಷ ಕಾಯಬೇಕು. ಆಗ ಪರದೆಯ ಮೇಲೆ ಹೆಚ್ಚಾಗಿ ಒಂದು ಸಂದೇಶ ಬರುತ್ತದೆ. ‘ಈ ತಂತ್ರಾಂಶ ಪ್ರತಿಕ್ರಿಯಿಸುತ್ತಿಲ್ಲ, ಕಾಯುತ್ತೀರೋ, ಬಲವಂತವಾಗಿ ಮುಚ್ಚುತ್ತೀರೋ?’ ಎಂಬುದು ಅದರ ಸಾರಾಂಶ. ಕಾಯಲು ಹೇಳಿದರೆ ಬರೆದದ್ದು ಉಳಿಯಬಹುದು. ಮುಚ್ಚಲು ಹೇಳಿದರೆ ಸೇವ್ ಮಾಡದ್ದು ಹೋಗಬಹುದು. ಇದನ್ನು ಓದಲು ಬಾರದ ಮಗುವಿಗೆ ಎರಡೂ ಗುಂಡಿಗಳು ಒಂದೇ!

ಲಿನಕ್ಸಿನಲ್ಲಿ ಸಿಸ್ಟಮ್ ಮಾನಿಟರ್ ತೆರೆದು, ವಿಂಡೋಸ್‌ನಲ್ಲಿ ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಕೀಲಿಗಳನ್ನು ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆರೆದು, ಹೆಚ್ಚು ಮೆಮೊರಿ ತಿನ್ನುತ್ತಿರುವ ತಂತ್ರಾಂಶವನ್ನು ಮಾತ್ರ ನಿಲ್ಲಿಸಬಹುದು. ಲಿನಕ್ಸಿನಲ್ಲಿ ಪರದೆ ಪೂರ್ತಿ ಮರಗಟ್ಟಿದರೆ ಇನ್ನೂ ಒಂದು ದಾರಿ ಇದೆ. ಆಲ್ಟ್ ಮತ್ತು ಪ್ರಿಂಟ್ ಸ್ಕ್ರೀನ್ ಕೀಲಿಗಳನ್ನು ಹಿಡಿದುಕೊಂಡು ಎಸ್, ಯು, ಬಿ ಅಕ್ಷರಗಳನ್ನು ಒಂದೊಂದಾಗಿ, ನಡುವೆ ಕೆಲವು ಸೆಕೆಂಡು ಬಿಟ್ಟು ಒತ್ತುವುದು. ಮೊದಲನೆಯದು ಬರೆಯಲು ಬಾಕಿಯಿದ್ದುದನ್ನು ಡಿಸ್ಕಿಗೆ ಬರೆಯುತ್ತದೆ, ಎರಡನೆಯದು ಡಿಸ್ಕನ್ನು ಸುರಕ್ಷಿತಗೊಳಿಸುತ್ತದೆ, ಮೂರನೆಯದು ಯಂತ್ರವನ್ನು ಮತ್ತೆ ಚಾಲೂ ಮಾಡುತ್ತದೆ. ಸ್ವಿಚ್ಚು ಆರಿಸುವುದು ಇದೆಲ್ಲ ಆದ ಮೇಲೆ.

ಪದೇ ಪದೇ ಹ್ಯಾಂಗ್ ಆಗುತ್ತಿದ್ದರೆ ಕಾರಣ ಹುಡುಕಬೇಕು. ರ್‍ಯಾಮ್ ಸಾಲದಿರಬಹುದು, ಡಿಸ್ಕ್ ತುಂಬಿರಬಹುದು ಅಥವಾ ಹಾಳಾಗುತ್ತಿರಬಹುದು, ಫ್ಯಾನಿನಲ್ಲಿ ಧೂಳು ಕೂತು ಪ್ರೊಸೆಸರ್ ಬಿಸಿಯೇರುತ್ತಿರಬಹುದು. ನಮ್ಮೂರಿನ ಕೆಂಪು ಮುರಕಲ್ಲಿನ ಧೂಳು ಎಲ್ಲಿ ಹೊಗುವುದಿಲ್ಲ ಹೇಳಿ? ಎಪ್ರಿಲ್, ಮೇ ಎರಡು ತಿಂಗಳು ಮುಚ್ಚಿಟ್ಟ ಲ್ಯಾಬನ್ನು ಜೂನಿನ ಮಳೆಯ ತೇವದಲ್ಲಿ ತೆರೆಯುತ್ತೇವೆ. ಇನ್ನು ತುಲಾ ತಿಂಗಳ ಗುಡುಗು ಮಿಂಚು, ಕರೆಂಟು ಹೋಗಿ ಬರುವುದು, ಬ್ಯಾಟರಿ ಸತ್ತ ಯು.ಪಿ.ಎಸ್. ಇದ್ದೇ ಇದೆ. ಗುಡುಗು ಕೇಳಿದಾಗ ಪ್ಲಗ್ ಕೀಳುವುದು, ರಜೆಯಲ್ಲೂ ವಾರಕ್ಕೊಮ್ಮೆ ಯಂತ್ರಗಳನ್ನು ಸ್ವಲ್ಪ ಹೊತ್ತು ಚಾಲೂ ಮಾಡುವುದು, ಹತ್ತು ನಿಮಿಷಕ್ಕೊಮ್ಮೆ ಸೇವ್ ಮಾಡುವುದು - ಇವಕ್ಕೆ ದೊಡ್ಡ ವಿದ್ಯೆ ಬೇಡ.

ಆದರೆ ಹ್ಯಾಂಗ್ ಆದದ್ದರಿಂದಲೇ ಇನ್ನೊಂದು ಬಾಗಿಲು ತೆರೆಯುತ್ತದೆ. ಅಪಾಯ ಇರುವುದು ಅಲ್ಲಿ. ಇಂಟರ್‌ನೆಟ್ ನೋಡುತ್ತಿರುವಾಗ ಇದ್ದಕ್ಕಿದ್ದಂತೆ ಪರದೆ ತುಂಬ ಕೆಂಪು ಎಚ್ಚರಿಕೆ, ‘ನಿಮ್ಮ ಕಂಪ್ಯೂಟರಿಗೆ ವೈರಸ್ ಬಂದಿದೆ, ಈ ನಂಬರಿಗೆ ಫೋನ್ ಮಾಡಿ’. ಮೌಸಿಗೆ ಏನೂ ಸಿಗುವುದಿಲ್ಲ. ಹ್ಯಾಂಗ್ ಆದಂತೆಯೇ ಕಾಣುತ್ತದೆ. ನಿಜವಾಗಿ ಹ್ಯಾಂಗ್ ಆಗಿಲ್ಲ, ಒಂದು ಜಾಲಪುಟ ಪೂರ್ತಿ ಪರದೆಯನ್ನು ಆವರಿಸಿಕೊಂಡಿದೆ ಅಷ್ಟೆ. ಎಸ್ಕೇಪ್ ಕೀಲಿಯನ್ನು ಒತ್ತಿ ಹಿಡಿದು ಆ ಬ್ರೌಸರನ್ನು ಮುಚ್ಚಿದರೆ ಮುಗಿಯಿತು. ಫೋನ್ ಮಾಡಿದವರ ಕಥೆ ಬೇರೆ. ಆ ಕಡೆಯವ ಒಂದು ತಂತ್ರಾಂಶ ಹಾಕಲು ಹೇಳಿ ಯಂತ್ರವನ್ನೇ ತನ್ನ ಕೈಗೆ ತೆಗೆದುಕೊಳ್ಳುತ್ತಾನೆ.

ಮೊಬೈಲಿನಲ್ಲೂ ಹಾಗೆ. ಶುಭೋದಯದ ಚಿತ್ರಗಳು, ವೀಡಿಯೋಗಳು ತುಂಬಿ ಫೋನು ನಿಧಾನವಾಗುತ್ತದೆ. ಆಗ ಯಾರೋ ಹೇಳುತ್ತಾರೆ, ‘ಒಂದು ಕ್ಲೀನರ್ ಆ್ಯಪ್ ಹಾಕಿ, ಸರಿಯಾಗುತ್ತದೆ’. ಕಸ ಗುಡಿಸಲು ಬಂದ ಆ ಆ್ಯಪ್ ಕೇಳುವುದೇನು? ಸಂಪರ್ಕ ಪಟ್ಟಿ, ಸ್ಥಳ, ಎಸ್.ಎಂ.ಎಸ್.! ಅಂಗಳ ಗುಡಿಸಲು ಬಂದವರಿಗೆ ಕಪಾಟಿನ ಬೀಗದ ಕೈ ಯಾಕೆ? ಬೇಡದ ವೀಡಿಯೋಗಳನ್ನು ಅಳಿಸಿ, ಬಳಸದ ಆ್ಯಪ್‌ಗಳನ್ನು ತೆಗೆದು, ಫೋನನ್ನು ಒಮ್ಮೆ ಆಫ್ ಮಾಡಿ ಆನ್ ಮಾಡಿದರೆ ಹೆಚ್ಚಿನ ಫೋನುಗಳಿಗೆ ಅಷ್ಟು ಸಾಕು.

ಅನುಮತಿಗಳ ವಿಷಯದಲ್ಲಿ ಮಕ್ಕಳಿಗೆ ಕಲಿಸಬೇಕಾದ್ದು ಒಂದೇ ಪ್ರಶ್ನೆ, ‘ಈ ಕೆಲಸಕ್ಕೆ ಇದು ಬೇಕೇ?’ ನಕ್ಷೆಯ ಆ್ಯಪಿಗೆ ಸ್ಥಳ ಬೇಕು, ಸರಿ. ಟಾರ್ಚಿಗೆ ಯಾಕೆ? ವೀಡಿಯೋ ಕರೆಗೆ ಕ್ಯಾಮರಾ, ಮೈಕ್ ಬೇಕು, ಸರಿ. ಕ್ಯಾಲೆಂಡರಿಗೆ ಯಾಕೆ? 2015ರ ಆಂಡ್ರಾಯ್ಡ್ 6ರಿಂದ ಒಂದೊಂದು ಅನುಮತಿಯನ್ನೂ ಬೇರೆ ಬೇರೆಯಾಗಿ ಕೊಡಬಹುದು, ಕೊಟ್ಟದ್ದನ್ನು ಹಿಂದಕ್ಕೆ ಪಡೆಯಲೂಬಹುದು. 2019ರ ಆಂಡ್ರಾಯ್ಡ್ 10ರಲ್ಲಿ ಸ್ಥಳವನ್ನು ಆ್ಯಪ್ ಬಳಸುವಾಗ ಮಾತ್ರ ಕೊಡುವ ಸೌಕರ್ಯ ಬಂತು. ಮರುವರ್ಷ ‘ಈ ಬಾರಿ ಮಾತ್ರ’ ಎಂಬುದೂ ಸೇರಿತು. 2021ರ ಆಂಡ್ರಾಯ್ಡ್ 12ರಿಂದ ಯಾವುದಾದರೂ ಆ್ಯಪ್ ಕ್ಯಾಮರಾ ಅಥವಾ ಮೈಕನ್ನು ಬಳಸುತ್ತಿದ್ದರೆ ಪರದೆಯ ಮೇಲಿನ ಮೂಲೆಯಲ್ಲಿ ಹಸಿರು ಗುರುತು ಕಾಣುತ್ತದೆ. ಸೆಟ್ಟಿಂಗ್ಸ್ ಒಳಗೆ ಖಾಸಗಿತನದ ವಿಭಾಗಕ್ಕೆ ಹೋಗಿ ನೋಡಿದರೆ ಯಾವ ಆ್ಯಪ್ ಏನನ್ನು ಪಡೆದಿದೆ ಎಂಬ ಪಟ್ಟಿಯೇ ಇದೆ. ಬಾಗಿಲಿಗೆ ಚಿಲಕಗಳು ಇವೆ, ಹಾಕುವವರು ಬೇಕು.

ಹಾಕದಿದ್ದರೆ ಏನಾಗುತ್ತದೆ ಎಂದು ಕೇಳುವವರಿಗೆ ಸಾಲದ ಆ್ಯಪ್‌ಗಳ ಉದಾಹರಣೆ ಸಾಕು. ಸಣ್ಣ ಸಾಲ ಕೊಟ್ಟು, ಫೋನಿನ ಸಂಪರ್ಕ ಪಟ್ಟಿಯನ್ನೂ ಫೋಟೋಗಳನ್ನೂ ಎಳೆದುಕೊಂಡು, ನೆಂಟರಿಷ್ಟರಿಗೆಲ್ಲ ಅವಮಾನದ ಸಂದೇಶ ಕಳಿಸಿ ಜನರನ್ನು ಹಿಂಡಿದ ಪ್ರಕರಣಗಳು ದೇಶದಾದ್ಯಂತ ನಡೆದವು. 2023ರಲ್ಲಿ ಗೂಗಲ್ ತನ್ನ ಪ್ಲೇ ಸ್ಟೋರಿನ ಸಾಲದ ಆ್ಯಪ್‌ಗಳಿಗೆ ಸಂಪರ್ಕ ಪಟ್ಟಿ ಮತ್ತು ಫೋಟೋಗಳನ್ನು ನಿಷೇಧಿಸಿತು. ಆದರೆ ಸ್ಟೋರಿನ ಹೊರಗಿನಿಂದ ಬರುವವಕ್ಕೆ ಆ ನಿಯಮ ತಾಗುವುದಿಲ್ಲ. ವಾಟ್ಸಾಪಿನಲ್ಲಿ ಮದುವೆಯ ಕಾಗದ, ವಾಹನದ ದಂಡದ ಚಲನ್ ಎಂಬ ಹೆಸರಿನಲ್ಲಿ ಬರುವ ಎ.ಪಿ.ಕೆ. ಕಡತ ಇಂಥದ್ದೇ. ಅದಕ್ಕೆ ಎಸ್.ಎಂ.ಎಸ್. ಓದುವ ಅನುಮತಿ ಸಿಕ್ಕಿತೆಂದರೆ ಬ್ಯಾಂಕಿನ ಒ.ಟಿ.ಪಿ. ಅವರ ಕೈಗೆ ಸಿಕ್ಕಿದಂತೆ. ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು. ಈ ನಾಲ್ಕು ಅಂಕೆಗಳು ಪ್ರತಿ ಶಾಲೆಯ ಗೋಡೆಯಲ್ಲಿ ಕನ್ನಡದ ವಿವರಣೆಯೊಂದಿಗೆ ಇರಲಿ.

ಶಾಲೆಗಳೂ ಇಲ್ಲಿ ಸ್ವಲ್ಪ ಗಟ್ಟಿಯಾಗಬೇಕು. 2020ರ ಜೂನಿನಲ್ಲಿ ‘ಫಸ್ಟ್ ಬೆಲ್’ ತರಗತಿಗಳು ಆರಂಭವಾದಾಗ ತಂದೆ ತಾಯಿಯರ ಫೋನೇ ಮಕ್ಕಳ ಶಾಲೆಯಾಯಿತು. ತರಗತಿಗೊಂದು ವಾಟ್ಸಾಪ್ ಗುಂಪು ಬಂತು. ಕೊರೋನಾ ಹೋಯಿತು, ಗುಂಪುಗಳು ಉಳಿದವು. ಕೆಲವು ಗುಂಪುಗಳಲ್ಲಿ ಸ್ಕಾಲರ್‌ಶಿಪ್ಪಿಗೆಂದು ಮಗುವಿನ ಆಧಾರ್ ಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಎಲ್ಲರ ಕಣ್ಣೆದುರಿಗೆ ಬಂದು ಬೀಳುತ್ತವೆ. ಒಂದು ಮನೆಯ ಪತ್ರ ನಲವತ್ತು ಮನೆಯ ಫೋನಿನಲ್ಲಿ! ಇದು ನಿಲ್ಲಬೇಕು. ದಾಖಲೆಯನ್ನು ಕೈಯಲ್ಲೇ ತಂದು ಕೊಡಲಿ. ಆಧಾರದ ಕೊನೆಯ ನಾಲ್ಕು ಅಂಕೆ ಮಾತ್ರ ಕಾಣುವ ಪ್ರತಿಯೂ ಆಧಾರ್ ಪ್ರಾಧಿಕಾರದ ಜಾಲತಾಣದಲ್ಲಿ ಸಿಗುತ್ತದೆ. ಅದು ಸಾಕಾಗುವಲ್ಲಿ ಅದನ್ನೇ ಕೊಡಲಿ. ಮಕ್ಕಳ ಫೋಟೋವನ್ನು ಹೆಸರು, ತರಗತಿ ಸಹಿತ ಊರಿಗೆಲ್ಲ ಹಂಚುವ ಮೊದಲು ಮನೆಯವರನ್ನು ಒಂದು ಮಾತು ಕೇಳೋಣ.

ಖಾಸಗಿತನ ಎಂಬುದು ದೊಡ್ಡವರ ಚಾಳಿ ಎಂದು ಕೆಲವರು ನಗುತ್ತಾರೆ. ಅವರಿಗೆ ನೆನಪಿಸಬೇಕಾದ ಹೆಸರೊಂದಿದೆ. ಆಧಾರ್ ವಿರುದ್ಧ 2012ರಲ್ಲಿ ಸುಪ್ರೀಂ ಕೋರ್ಟಿಗೆ ಹೋದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಅದರ ಮುಂದುವರಿಕೆಯಾಗಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ ಬಂತು. ಅದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಗೆ ಬರುವಂತೆ ರೂಪಿಸಲ್ಪಟ್ಟಿವೆ. ಹದಿನೆಂಟು ತುಂಬದವರೆಲ್ಲರೂ ಈ ಕಾಯಿದೆಯ ಪ್ರಕಾರ ಮಕ್ಕಳು. ಅವರ ಮಾಹಿತಿ ಬಳಸಲು ಹೆತ್ತವರ ಒಪ್ಪಿಗೆ ಬೇಕು.

ನಮ್ಮಂಥ ಗಡಿನಾಡಿನವರು ಅಡಿಗೆರೆ ಹಾಕಿ ಓದಬೇಕಾದ ಅಂಶ ಇನ್ನೊಂದಿದೆ. ಮಾಹಿತಿ ಪಡೆಯುವವರು ಒಪ್ಪಿಗೆಗೆ ಮುನ್ನ ಕೊಡುವ ನೋಟೀಸನ್ನು ಇಂಗ್ಲಿಷಿನಲ್ಲಿ ಅಥವಾ ಸಂವಿಧಾನದ ಎಂಟನೇ ಪರಿಚ್ಛೇದದ ಯಾವುದೇ ಭಾಷೆಯಲ್ಲಿ ಓದುವ ಅವಕಾಶ ನೀಡಬೇಕು ಎನ್ನುತ್ತದೆ ಈ ಕಾಯಿದೆ. ಕನ್ನಡ ಆ ಪರಿಚ್ಛೇದದಲ್ಲಿದೆ. ಯಾವ ರಾಜ್ಯದಲ್ಲಿ ಕುಳಿತಿದ್ದೀರಿ ಎಂದು ಈ ಕಾನೂನು ಕೇಳುವುದಿಲ್ಲ! 1956ರಿಂದ ಒಂದೊಂದು ಅರ್ಜಿಗೂ ಬೋರ್ಡಿಗೂ ಕನ್ನಡ ಬೇಕೆಂದು ಕೇಳುತ್ತಲೇ ಬಂದ ನಮಗೆ ಇದರ ಬೆಲೆ ಬೇರೆ ಯಾರೂ ಹೇಳಬೇಕಿಲ್ಲ. ಆದರೆ ಕನ್ನಡದ ನೋಟೀಸನ್ನು ಯಾರೂ ತೆರೆಯದಿದ್ದರೆ ಹಕ್ಕು ಪುಸ್ತಕದಲ್ಲೇ ಉಳಿಯುತ್ತದೆ. ಕನ್ನಡದಲ್ಲಿ ಓದುವವರೇ ಇಲ್ಲ ಎಂದು ಮುಂದೆ ಕಂಪನಿಯವರು ಹೇಳಿದರೆ ಉತ್ತರ ಕೊಡುವವರು ಯಾರು?

ಹಾಗಾಗಿ ನಮ್ಮ ಸಲಹೆ ಸರಳವಾದದ್ದು. ಫೋನಿನ ಭಾಷೆಯನ್ನು ಕನ್ನಡಕ್ಕೆ ಬದಲಾಯಿಸಿ. 2014ರ ಆಂಡ್ರಾಯ್ಡ್ 5ರಿಂದಲೇ ಕನ್ನಡ ಅದರಲ್ಲಿದೆ. ಲಿನಕ್ಸಿನ ಪರದೆಗೂ ಕನ್ನಡ ಅನುವಾದವಿದೆ.

ಇದಕ್ಕೆ ಬರುವ ಆಕ್ಷೇಪಗಳೂ ನಮಗೆ ಗೊತ್ತು. ‘ಆ ಕನ್ನಡ ಇಂಗ್ಲಿಷಿಗಿಂತ ಕಷ್ಟ’ ಎನ್ನುವವರಿದ್ದಾರೆ. ಮಾತಿನಲ್ಲಿ ಹುರುಳಿದೆ. ‘ಅನುಮತಿ ನಿರ್ವಾಹಕ’ ಎಂದರೆ ಬಸ್ಸಿನ ಕಂಡಕ್ಟರ್ ನೆನಪಾದರೆ ತಪ್ಪಲ್ಲ! ಅನುವಾದ ಕೆಲವು ಕಡೆ ಅರ್ಧ ಕನ್ನಡ, ಅರ್ಧ ಇಂಗ್ಲಿಷು. ಆದರೆ ಗುಣಾಕಾರ, ಭಾಗಾಕಾರ, ದ್ಯುತಿಸಂಶ್ಲೇಷಣೆ ಎಂಬ ಶಬ್ದಗಳನ್ನು ಮಗು ತಾಯಿಯ ಬಾಯಿಂದ ಕಲಿತು ಬಂದಿತ್ತೇ? ತರಗತಿಯಲ್ಲಿ ಬಳಸಿ ಬಳಸಿ ಅವು ನಮ್ಮವಾದವು. ಇವೂ ಹಾಗೆಯೇ ಆಗಬಹುದು. ‘ಮುಂದೆ ಕೆಲಸಕ್ಕೆ ಇಂಗ್ಲಿಷೇ ಬೇಕಲ್ಲ’ ಎಂಬುದು ಇನ್ನೊಂದು ಆಕ್ಷೇಪ. ಬೇಕು, ಖಂಡಿತ ಬೇಕು. ಎರಡು ನಿಮಿಷದಲ್ಲಿ ಭಾಷೆ ಬದಲಾಯಿಸಿ, ಕನ್ನಡದಲ್ಲಿ ಅರ್ಥ ತಿಳಿದದ್ದನ್ನು ಇಂಗ್ಲಿಷಿನಲ್ಲಿ ಗುರುತಿಸಲು ಮಗು ಕಲಿಯಲಿ. ಅರ್ಥ ಗೊತ್ತಿಲ್ಲದೆ ಒತ್ತಿದ ಓಕೆ ಇಂಗ್ಲಿಷಿನ ಪಾಠವೂ ಅಲ್ಲ, ಕಂಪ್ಯೂಟರಿನ ಪಾಠವೂ ಅಲ್ಲ.

ತಿಂಗಳಿಗೆ ಒಂದು ಪಿರಿಯಡ್ ಸಾಕು. ಕನ್ನಡದ ಅಧ್ಯಾಪಕರು, ಐ.ಟಿ. ಅಧ್ಯಾಪಕರು ಒಟ್ಟಿಗೆ ಕೂತು, ಆ ತಿಂಗಳು ಲ್ಯಾಬಿನಲ್ಲಿ ಕಂಡ ಸಂದೇಶಗಳನ್ನು ಕರಿಹಲಗೆಯ ಮೇಲೆ ಬರೆಯಲಿ. ಮಕ್ಕಳು ಅದನ್ನು ತಮ್ಮ ಕನ್ನಡದಲ್ಲಿ ಹೇಳಲಿ. ಲಿಟಲ್ ಕೈಟ್ಸ್ ಮಕ್ಕಳು ರಕ್ಷಕ-ಶಿಕ್ಷಕ ಸಂಘದ ಸಭೆಯ ದಿನ ಒಂದು ಮೇಜು ಹಾಕಿ ಕೂರಲಿ. ಬಂದ ಅಮ್ಮಂದಿರ ಫೋನು ಅವರವರ ಕೈಯಲ್ಲೇ ಇರಲಿ, ಮಕ್ಕಳು ದಾರಿ ತೋರಿಸಲಿ ಅಷ್ಟೆ. ತುಳುವಿನಲ್ಲೋ ಬ್ಯಾರಿಯಲ್ಲೋ ಹೇಳಿಕೊಟ್ಟರೂ ಆಯಿತು. ಯಾವ ಆ್ಯಪಿಗೆ ಏನು ಕೊಟ್ಟಿದ್ದೇವೆ ಎಂದು ನೋಡಿ, ಬೇಡದ್ದನ್ನು ಅವರೇ ತೆಗೆಯಲಿ.

ಅಕ್ಷರ ಕಲಿತದ್ದು ಓದಿ ಸಹಿ ಹಾಕಲು. ಓದದೆ ಹೆಬ್ಬೆಟ್ಟು ಒತ್ತಿ ಜಮೀನು ಕಳೆದುಕೊಂಡ ಅಜ್ಜಂದಿರ ಕಥೆಗಳು ನಮ್ಮ ಊರುಗಳಲ್ಲಿ ಬೇಕಾದಷ್ಟಿವೆ. ಈಗ ಹೆಬ್ಬೆಟ್ಟಿಗೆ ಶಾಯಿ ಬೇಕಾಗಿಲ್ಲ, ಗಾಜಿನ ಮೇಲೆ ಇಟ್ಟರೆ ಸಾಕು. ನಮ್ಮ ಮಕ್ಕಳು ಅದನ್ನು ಓದಿಯೇ ಇಡುವಂತಾಗಲಿ. ಈ ತಿಂಗಳಿನಿಂದಲೇ ಶುರು ಮಾಡಿದರೆ ಹೇಗೆ, ಏನಂತೀರಿ?